ದುಷ್ಯಂತನು ಕಂಡ ಮುಖ

ಮಹಾಭಾರತದ ಶಕುಂತಲೋಪಾಖ್ಯಾನದಲ್ಲಿ ದುಷ್ಯಂತನು ಪತ್ನಿಯನ್ನು ಗುರುತಿಸಿಯೂ, ಲೋಕಾಪವಾದಕ್ಕೆ ಅಂಜಿ, ತುಂಬಿದ ಸಭೆಯಲ್ಲಿ ಅರಿಯೆನೆನ್ನುತ್ತಾನೆ. ಕಾಳಿದಾಸನು ಈ ಸುಳ್ಳನ್ನು ತೆಗೆದು, ಅದರ ಸ್ಥಾನದಲ್ಲಿ ದುರ್ವಾಸರ ಶಾಪವನ್ನೂ ಮುದ್ರೆಯುಂಗುರವನ್ನೂ ತಂದನು. ನಾಯಕನ ದೋಷವನ್ನು ಮುಚ್ಚುವುದಕ್ಕಾಗಿ ಹೂಡಿದ ಉಪಾಯವಿದೆಂದೂ, ಪ್ರೀತಿಸಿದವಳ ಮುಖವನ್ನು ಎದುರಿಗೆ ಕಂಡೂ ಅರಿಯದಿರುವುದು ಅಸಂಭವವೆಂದೂ ಆಕ್ಷೇಪಿಸುವವರುಂಟು. ಐದನೆಯ ಅಂಕವನ್ನು ನಿಧಾನವಾಗಿ ಓದಿದವರಿಗೆ ಈ ಆಕ್ಷೇಪವು ನಿಲ್ಲದು.

ಗೌತಮಿಯು ಮುಸುಕನ್ನು ಸರಿಸಿದೊಡನೆ ರಾಜನ ಕಣ್ಣು ಆ ಲಾವಣ್ಯವನ್ನು ಗ್ರಹಿಸುತ್ತದೆ. ಮನಸ್ಸೂ ಅತ್ತ ಎಳೆಯುತ್ತದೆ. ದೃಷ್ಟಿಯಲ್ಲಿ ಯಾವ ಕೊರತೆಯೂ ಇಲ್ಲ. ಕಣ್ವಾಶ್ರಮದಲ್ಲಿ ಪ್ರಿಯೆಯದಾಗಿದ್ದ ಮುಖವೇ ಹಸ್ತಿನಾವತಿಯಲ್ಲಿ ಪರಸ್ತ್ರೀಯದಾಯಿತು. ಬದಲಾದುದು ಮುಖವಲ್ಲ, ಅದರ ವಿಷಯವಾಗಿ ನೋಡುವವನಿಗಿದ್ದ ತಿಳಿವಳಿಕೆ. ‘ಇವನೇ ಆ ದೇವದತ್ತನು’ ಎಂಬ ಪ್ರತ್ಯಭಿಜ್ಞೆಗೆ ಇಂದ್ರಿಯದೊಡನೆ ಸಂಸ್ಕಾರವೂ ಕಾರಣವೆಂದು ನಮ್ಮ ನೈಯಾಯಿಕರು ಹೇಳಿದುದು ಇದನ್ನೇ.

ಇಂದಿನ ಮನಶ್ಶಾಸ್ತ್ರವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಮಿದುಳಿನ ತಳಭಾಗದಲ್ಲಿ ಮುಖಗಳಿಗೆ ವಿಶೇಷವಾಗಿ ಸ್ಪಂದಿಸುವ ಪ್ರದೇಶವೊಂದುಂಟೆಂದು 1997ರಲ್ಲಿ ನ್ಯಾನ್ಸಿ ಕ್ಯಾನ್‌ವಿಶರ್ ಮೊದಲಾದವರು ತೋರಿಸಿದರು. ಆದರೆ ಮುಖದರ್ಶನವು ಅಲ್ಲಿಗೇ ಮುಗಿಯುವುದಿಲ್ಲ. ಬರ್ಲಿನ್ನಿನ ರಾಶಾ ಅಬ್ದೆಲ್ ರಹಮಾನ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಯಾವ ಭಾವವನ್ನೂ ಸೂಚಿಸದ ಅಪರಿಚಿತ ಮುಖಗಳನ್ನು ತೋರಿಸಿ, ಆಯಾ ವ್ಯಕ್ತಿಯ ವಿಷಯವಾಗಿ ಒಳ್ಳೆಯದನ್ನೋ ಕೆಟ್ಟದ್ದನ್ನೋ ತಿಳಿಸಲಾಯಿತು. ಆಮೇಲೆ ಅವೇ ಮುಖಗಳನ್ನು ನೋಡಿದಾಗ, ಕೆಟ್ಟದ್ದನ್ನು ಕೇಳಿದ್ದವರ ಕಣ್ಣಿಗೆ ಆ ನಿರ್ವಿಕಾರವಾದ ಮುಖದಲ್ಲಿಯೇ ಅಪ್ರಸನ್ನಭಾವವು ಕಾಣಿಸಿತು. ನೆತ್ತಿಯ ಮೇಲಿರಿಸಿದ ವಿದ್ಯುದ್ಯಂತ್ರಗಳು, ಅರ್ಧ ಸೆಕೆಂಡು ತುಂಬುವ ಮೊದಲೇ ಮಿದುಳಿನಲ್ಲಿ ಈ ವ್ಯತ್ಯಾಸವನ್ನು ಗುರುತಿಸಿದವು. ಕಿವಿಗೆ ಬಿದ್ದ ಮಾತು ಕಣ್ಣಿನ ಕೆಲಸದಲ್ಲಿ ಕೈಹಾಕುವುದೆಂದಾಯಿತು.

ಈ ಬೆಳಕಿನಲ್ಲಿ ನೋಡಿದರೆ ಕವಿಯ ಸೂಕ್ಷ್ಮತೆಯೂ ರಾಜನ ಅಪರಾಧವೂ ಒಟ್ಟಿಗೆ ತೋರುತ್ತವೆ. ಶಾಪವು ಕಸಿದುದು ನೆನಪನ್ನು ಮಾತ್ರ. ಸಂಶಯವನ್ನು ಅದು ಕೊಡಲಿಲ್ಲ. ಹೆಣ್ಣಿಗೆ ಕಪಟವು ಕಲಿಯದೆ ಬರುವುದೆಂದು ಕೋಗಿಲೆಯ ದೃಷ್ಟಾಂತವನ್ನು ಕೊಡುವವನು ದುರ್ವಾಸನಲ್ಲ, ದುಷ್ಯಂತನೇ. ಶಕುಂತಲೆಯು ಕೆರಳಿದಾಗ, ಆ ಕೋಪವು ಕೃತಕವಲ್ಲವೆಂದು ಅವನಿಗೇ ತೋರುತ್ತದೆ. ಮುಖವು ಸಾಕ್ಷ್ಯ ಹೇಳಿತು; ಮೊದಲೇ ತುಂಬಿಕೊಂಡಿದ್ದ ಮಾತು ಆ ಸಾಕ್ಷ್ಯವನ್ನು ತಳ್ಳಿಹಾಕಿತು. ಧರ್ಮಾಸನದಲ್ಲಿ ಕುಳಿತವನಿಗೆ ಇದಕ್ಕಿಂತ ದೊಡ್ಡ ಲೋಪವಿಲ್ಲ.

ನಾಟಕದ ನಿಜವಾದ ಕುಂದು ಏಳನೆಯ ಅಂಕದಲ್ಲಿದೆ. ಮಾರೀಚರಿಂದ ಶಾಪವೃತ್ತಾಂತವನ್ನು ಕೇಳಿದೊಡನೆ ರಾಜನು ತಾನು ಅಪವಾದದಿಂದ ಮುಕ್ತನಾದೆನೆಂದು ನಿಟ್ಟುಸಿರುಬಿಡುತ್ತಾನೆ. ಪತ್ನಿಯ ಪಾದಕ್ಕೆರಗಿದವನೇ ಆದರೂ ಕೋಗಿಲೆಯ ಮಾತನ್ನು ಹಿಂತೆಗೆದುಕೊಳ್ಳುವುದಿಲ್ಲ; ಕವಿಯೂ ಅದನ್ನು ನೆನಪಿಸುವುದಿಲ್ಲ. ಅದೇ ಅಂಕದಲ್ಲಿ ಶಕುಂತಲೆಯು ಪಶ್ಚಾತ್ತಾಪದಿಂದ ಬಾಡಿದ ಅವನ ಮುಖವನ್ನು ಕಂಡು, ಇವನು ಆರ್ಯಪುತ್ರನಂತಿಲ್ಲವಲ್ಲಾ ಎಂದು ಕ್ಷಣಕಾಲ ಶಂಕಿಸುತ್ತಾಳೆ. ಆಗ ಶಾಪದ ಸುದ್ದಿಯು ಅವಳಿಗೆ ತಿಳಿದಿರಲಿಲ್ಲ. ತಿಳಿದಿದ್ದುದು ಸಭೆಯಲ್ಲಿ ಕೇಳಿದ ಕಠೋರವಾಕ್ಯಗಳು ಮಾತ್ರ. ಹಾಗಿದ್ದರೂ ಆ ಮುಖದಲ್ಲಿ ಅವಳು ಕಪಟವನ್ನು ಕಾಣಲಿಲ್ಲ, ವ್ಯಥೆಯನ್ನೇ ಕಂಡಳು. ಸರಿಯಾಗಿ ನೋಡಬಲ್ಲ ಕಣ್ಣು ಆ ದಂಪತಿಗಳಲ್ಲಿ ಯಾರದೆಂಬುದನ್ನು ಸಹೃದಯರು ಇಲ್ಲಿ ತಿಳಿಯಬಹುದು.