ಬದಲಾವಣೆಯ ಹಂತಗಳು: ಒಂದು ಸಿದ್ಧಾಂತದ ಒಳಬಿರುಕು

ಮನುಷ್ಯರು ಆರೋಗ್ಯಕ್ಕೆ ಕೆಡುಕಾದ ರೂಢಿಯನ್ನು ಒಮ್ಮೆಗೇ ಬಿಡದೆ ಹಂತಹಂತವಾಗಿ ಬಿಡುತ್ತಾರೆ ಎಂಬ ಸಿದ್ಧಾಂತ ಸಾರ್ವಜನಿಕ ಆರೋಗ್ಯದ ಪಠ್ಯಗಳಲ್ಲಿ ಪ್ರಶ್ನಾತೀತವಾಗಿ ನೆಲೆಯೂರಿದೆ. ಸ್ವಪ್ರಯತ್ನದಿಂದ ಧೂಮಪಾನದ ರೂಢಿಯನ್ನು ಬದಲಿಸಿಕೊಳ್ಳುತ್ತಿದ್ದ 872 ಜನರನ್ನು ಕುರಿತು ಅಮೆರಿಕದ ಮನಶ್ಶಾಸ್ತ್ರಜ್ಞರಾದ ಜೇಮ್ಸ್ ಪ್ರೊಚಾಸ್ಕಾ ಮತ್ತು ಕಾರ್ಲೊ ಡಿಕ್ಲೆಮೆಂಟೆ 1983ರಲ್ಲಿ ಪ್ರಕಟಿಸಿದ ಅಧ್ಯಯನದಿಂದ ಪ್ರಸಿದ್ಧಿಗೆ ಬಂದ ಈ ಮಾದರಿಯ ಹಂತಗಳು, ಅಂದರೆ ಬಿಡುವ ಯೋಚನೆಯೇ ಇಲ್ಲದ ಪೂರ್ವಚಿಂತನೆ, ಯೋಚನೆ ಮೊಳೆತ ಚಿಂತನೆ, ಸಿದ್ಧತೆ, ಕ್ರಿಯೆ ಮತ್ತು ಬಿಟ್ಟ ಸ್ಥಿತಿಯನ್ನು ಉಳಿಸಿಕೊಳ್ಳುವ ಪಾಲನೆ, ಈ ಕ್ಷೇತ್ರದ ಓದುಗರಿಗೆ ಪರಿಚಿತವೇ. ಮನಸ್ಸು ಮಾಡದವನನ್ನು ಗದರಿಸಿ ಫಲವಿಲ್ಲವೆಂದು ವೈದ್ಯರಿಗೆ ಮನಗಾಣಿಸಿದ್ದು ಇದರ ಹಿರಿಮೆ. ಅದರಾಚೆಗೆ ಇದಕ್ಕೆ ಸಂದಿರುವ ಮನ್ನಣೆ ಇದರ ಯೋಗ್ಯತೆಯನ್ನು ಮೀರಿದ್ದು.

ಸಿದ್ಧತೆ ಎಂಬ ಒಂದೇ ಹಂತವನ್ನು ಬಿಡಿಸಿ ನೋಡಿದರೆ ಸಾಕು. ಪ್ರತಿಪಾದಕರು 1990ರ ದಶಕದ ಮೊದಲಲ್ಲಿ ನಿಗದಿಪಡಿಸಿದ ಸೂತ್ರದಂತೆ, ಈ ಹಂತಕ್ಕೆ ಸೇರುವವನಿಗೆ ಮುಂದಿನ 30 ದಿನಗಳೊಳಗೆ ಬಿಡುವ ಉದ್ದೇಶವಿರಬೇಕು. ಜೊತೆಗೆ, ಹಿಂದಿನ ಒಂದು ವರ್ಷದಲ್ಲಿ ಒಮ್ಮೆಯಾದರೂ ಬಿಡಲು ಪ್ರಯತ್ನಿಸಿ 24 ಗಂಟೆ ಸಿಗರೇಟಿಲ್ಲದೆ ಕಳೆದಿರಬೇಕು. ಮೊದಲನೆಯದು ಮುಂದಿನ ದಿನಗಳ ಸಂಕಲ್ಪ, ಎರಡನೆಯದು ಆಗಿಹೋದ ಕೃತ್ಯ. ಇವೆರಡನ್ನೂ ಒಂದೇ ಮನಃಸ್ಥಿತಿಯ ಲಕ್ಷಣಗಳೆಂದು ಏಕೆ ಎಣಿಸಬೇಕೆಂಬುದಕ್ಕೆ ಸಿದ್ಧಾಂತದಲ್ಲಿ ಸಮರ್ಥನೆಯಿಲ್ಲ. ಪರಿಣಾಮವಾಗಿ, ಬದುಕಿನಲ್ಲಿ ಮೊದಲ ಬಾರಿಗೆ ಸಿಗರೇಟು ಬಿಡಲು ನಿಶ್ಚಯಿಸಿ ನಾಳೆಯ ದಿನವನ್ನೇ ಗೊತ್ತುಮಾಡಿಕೊಂಡವನು ಸೂತ್ರದ ಪ್ರಕಾರ ಇನ್ನೂ ಚಿಂತನೆಯಲ್ಲೇ ಇರುತ್ತಾನೆ, ಮತ್ತು ನಾಳೆ ಬಿಟ್ಟನೆಂದರೆ ಸಿದ್ಧತೆಯನ್ನು ಮುಟ್ಟದೆಯೇ ಕ್ರಿಯೆಗೆ ದಾಟುತ್ತಾನೆ. ಹಂತಗಳನ್ನು ಕ್ರಮವಾಗಿ ಹಾಯಬೇಕೆಂಬುದೇ ಸಿದ್ಧಾಂತದ ಜೀವವಾಗಿರುವಾಗ, ಯಾರ ಮೊದಲ ಪ್ರಯತ್ನವೇ ಆದರೂ ಒಂದು ಹಂತವನ್ನು ತಪ್ಪಿಸಿಯೇ ನಡೆಯಬೇಕೆಂದು ವಿಧಿಸುವ ಸೂತ್ರ ಆ ಸಿದ್ಧಾಂತವನ್ನು ಒಳಗಿನಿಂದಲೇ ಮುರಿಯುತ್ತದೆ. ಬದಲಾವಣೆಯ ದಾರಿ ನೇರವಲ್ಲ, ಸುರುಳಿಯಂಥದು ಎಂಬ 1992ರ ಸಮಜಾಯಿಷಿ ಜಾರಿ ಹಿಂದೆ ಬೀಳುವವರನ್ನು ವಿವರಿಸುತ್ತದೆಯೇ ಹೊರತು ಈ ಲೋಪವನ್ನಲ್ಲ. ಬ್ರಿಟನ್ನಿನ ಸ್ಟೀಫನ್ ಸಟನ್ ಹಂತಗಳ ವ್ಯಾಖ್ಯೆಯನ್ನು ಹೀಗೆ ಒರೆಗೆ ಹಚ್ಚಿದವರಲ್ಲಿ ಪ್ರಮುಖರು. ಅವರ ವಾದಕ್ಕೆ ದೊರೆಯಬೇಕಾದ ಗಮನ ದೊರೆಯಲಿಲ್ಲ.

ಗಮನವನ್ನೆಲ್ಲ ಸೆಳೆದವರು ರಾಬರ್ಟ್ ವೆಸ್ಟ್. 2005ರಲ್ಲಿ ‘ಅಡಿಕ್ಷನ್’ ಪತ್ರಿಕೆಯ ಸಂಪಾದಕೀಯದಲ್ಲಿ ಈ ಮಾದರಿಯನ್ನು ಕೈಬಿಡಬೇಕೆಂದು ಕರೆಕೊಟ್ಟ ಅವರು, ಧೂಮಪಾನ ಬಿಡುವ ಪ್ರಯತ್ನಗಳಲ್ಲಿ ಅರ್ಧದಷ್ಟು ಪೂರ್ವಯೋಜನೆಯಿಲ್ಲದೆ ನಡೆಯುತ್ತವೆಂದೂ ಅಂಥವೇ ಹೆಚ್ಚು ಬಾಳುತ್ತವೆಂದೂ ಮರುವರ್ಷದ ಸಮೀಕ್ಷೆಯೊಂದರಲ್ಲಿ ಸಹಲೇಖಕರೊಡನೆ ವಾದಿಸಿದರು. ಅವರ ತೀರ್ಪು ಸರಿ, ಸಾಕ್ಷ್ಯ ಮಾತ್ರ ದುರ್ಬಲ. ಸಮೀಕ್ಷೆ ಜನರ ನೆನಪನ್ನು ಆಧರಿಸಿದ್ದು. ಯೋಜನೆಯಿಲ್ಲದೆ ಬಿಟ್ಟು ಎರಡೇ ದಿನಕ್ಕೆ ಮತ್ತೆ ಸಿಗರೇಟು ಹಚ್ಚಿದ ಪ್ರಸಂಗ ಸುಲಭವಾಗಿ ಮರೆತುಹೋಗುವುದರಿಂದ, ಉಳಿದುಬಂದ ಪ್ರಯತ್ನಗಳೇ ಲೆಕ್ಕಕ್ಕೆ ಸಿಕ್ಕಿ ಯಶಸ್ಸು ಹಿಗ್ಗಿ ಕಾಣುವ ಸಂಭವವಿದೆ. ವೆಸ್ಟ್ ಅವರನ್ನೇ ಉಲ್ಲೇಖಿಸುತ್ತ ಹೋದ ವಿಮರ್ಶಕರು ಹೀಗೆ ಎದುರು ಪಕ್ಷಕ್ಕೆ ಸುಲಭದ ಉತ್ತರವೊಂದನ್ನು ತಾವಾಗಿಯೇ ಒದಗಿಸಿಕೊಟ್ಟರು.

ಅಷ್ಟು ಸುಲಭವಾಗಿ ತಳ್ಳಿಹಾಕಲಾಗದ ಸಾಕ್ಷ್ಯವೆಂದರೆ 41 ಪ್ರಯೋಗಗಳನ್ನೂ 33,000ಕ್ಕೂ ಹೆಚ್ಚು ಜನರನ್ನೂ ಒಳಗೊಂಡ 2010ರ ಕಾಕ್ರೇನ್ ಪರಾಮರ್ಶೆ: ಹಂತವನ್ನು ಗುರುತಿಸಿ ನೀಡಿದ ಸಲಹೆ, ಗುರುತಿಸದೆ ನೀಡಿದ ಅದೇ ಬಗೆಯ ಸಲಹೆಗಿಂತ ಹೆಚ್ಚೂ ಅಲ್ಲ ಕಡಿಮೆಯೂ ಅಲ್ಲದ ಫಲವನ್ನು ಕೊಟ್ಟಿತ್ತು. ಆದ್ದರಿಂದ, ಒಬ್ಬ ರೋಗಿಯನ್ನು ಪೂರ್ವಚಿಂತನೆಯಲ್ಲಿರುವವನೆಂದು ಹೆಸರಿಸಿ ಅವನಿಗೆ ಸಲ್ಲಬೇಕಾದ ನೆರವನ್ನು ಮುಂದೂಡಲು ಈ ಮಾದರಿಯಲ್ಲಿ ಯಾವ ಆಧಾರವೂ ಇಲ್ಲ.