ಒಂದು ಸಾಲು ಜಾರಿದರೆ

2020ರಲ್ಲಿ ಮನುಷ್ಯರ ಕೆಲವು ಜೀನ್‌ಗಳ ಹೆಸರು ಬದಲಾಯಿತು. ಹೊಸ ಸಂಶೋಧನೆ ಏನೂ ಆಗಿರಲಿಲ್ಲ. ಕಾರಣ ಎಕ್ಸೆಲ್.

'ಮಾರ್ಚ್1' ಅಂತ ಒಂದು ಜೀನ್ ಇತ್ತು, 'ಸೆಪ್ಟ್2' ಅಂತ ಇನ್ನೊಂದು. ಎಕ್ಸೆಲ್ ಕಣ್ಣಿಗೆ ಇವು ಜೀನ್‌ಗಳಲ್ಲ, ತಾರೀಖುಗಳು. ಟೈಪ್ ಮಾಡಿ ಎಂಟರ್ ಒತ್ತಿದ ಕೂಡಲೇ ಒಂದು ಮಾರ್ಚ್ ಒಂದಾಗುತ್ತಿತ್ತು, ಇನ್ನೊಂದು ಸೆಪ್ಟೆಂಬರ್ ಎರಡಾಗುತ್ತಿತ್ತು. ಹೀಗಾಗ್ತಿದೆ ಅಂತ 2004ರಲ್ಲೇ ಕೆಲವರು ಎಚ್ಚರಿಸಿದ್ದರು. 2016ರಲ್ಲಿ ಆಸ್ಟ್ರೇಲಿಯಾದ ಮೂವರು ಸಂಶೋಧಕರು ಕೂತು ಲೆಕ್ಕ ಹಾಕಿದರು: ಎಕ್ಸೆಲ್ ಕಡತದಲ್ಲಿ ಜೀನ್ ಪಟ್ಟಿ ಲಗತ್ತಿಸಿದ್ದ 3,597 ಪ್ರಬಂಧಗಳ ಪೈಕಿ 704ರಲ್ಲಿ ಈ ತಪ್ಪು. ಹೆಚ್ಚುಕಮ್ಮಿ ಐದಕ್ಕೆ ಒಂದು. ಕೊನೆಗೆ ಜೀನ್‌ಗಳಿಗೆ ಹೆಸರಿಡುವ ಸಮಿತಿಯೇ ಸೋತು, 'ಮಾರ್ಚ್1' ಅನ್ನು 'ಮಾರ್ಚ್‌ಎಫ್1' ಮಾಡಿತು, 'ಸೆಪ್ಟ್2' ಅನ್ನು 'ಸೆಪ್ಟಿನ್2' ಮಾಡಿತು. ಈ ತಾನೇತಾನಾಗಿ ತಾರೀಖು ಮಾಡುವ ಚಾಳಿಯನ್ನು ಆಫ್ ಮಾಡುವ ಸೌಲಭ್ಯ ಎಕ್ಸೆಲ್‌ಗೆ ಬಂದದ್ದು 2023ರಲ್ಲಿ.

ಆಫೀಸಿನ ಕ್ಯಾಂಟೀನಲ್ಲಿ ಈ ಕಥೆ ಹೇಳಿದರೆ ಎಲ್ಲರೂ ನಗ್ತಾರೆ. ನಾನೂ ನಗುತ್ತಲೇ ಹೇಳಿದ್ದೆ. ಆದರೆ ಅದೇ 2020ರ ಅಕ್ಟೋಬರಿನ ಇನ್ನೊಂದು ಕಥೆಗೆ ನಗು ಬರಲ್ಲ. ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಇಲಾಖೆ ಲ್ಯಾಬುಗಳಿಂದ ಬಂದ ಕೋವಿಡ್ ಫಲಿತಾಂಶಗಳನ್ನು ಹಳೇ ಎಕ್ಸೆಲ್ ಮಾದರಿಯ ಕಡತಕ್ಕೆ ತುಂಬುತ್ತಿತ್ತು. ಆ ಮಾದರಿಯಲ್ಲಿ 65,536 ಸಾಲಿಗಿಂತ ಹೆಚ್ಚು ಹಿಡಿಯಲ್ಲ. ಮಿಕ್ಕಿದ್ದು ಸದ್ದಿಲ್ಲದೆ ಬಿದ್ದುಹೋಯಿತು. ಒಂದು ವಾರದಲ್ಲಿ 15,841 ಸೋಂಕಿತರು ಲೆಕ್ಕದಿಂದಲೇ ಮಾಯ. 'ನಿಮಗೆ ಪಾಸಿಟಿವ್ ಬಂದಿದೆ' ಅಂತ ಅವರಿಗೇನೋ ತಿಳಿಸಲಾಗಿತ್ತು. ಆದರೆ ಅವರು ಯಾರ ಜೊತೆ ಕೂತು ಊಟ ಮಾಡಿದ್ದರು, ಯಾರ ಪಕ್ಕ ಬಸ್ಸಲ್ಲಿ ಕೂತಿದ್ದರು ಅಂತ ಹುಡುಕುವವರ ಕೈಗೆ ಆ ಹೆಸರುಗಳು ಹೊತ್ತಿಗೆ ಸರಿಯಾಗಿ ಸಿಗಲಿಲ್ಲ.

ತಪ್ಪು ಯಾರು ಮಾಡಲ್ಲ ಹೇಳಿ? ನನ್ನ ಪ್ರಶ್ನೆ ಅದಲ್ಲ. ತಪ್ಪು ಆದ ಮೇಲೆ ಅದು ಯಾರ ಕಣ್ಣಿಗೆ ಬೀಳಬೇಕು, ಬಿದ್ದರೆ ಆ ಮನುಷ್ಯನ ಗತಿ ಏನು? ವಿಜ್ಞಾನ ಈ ಪ್ರಶ್ನೆಗೆ ಕೊಡುವ ಉತ್ತರ ಅಷ್ಟೇನೂ ಚೆನ್ನಾಗಿಲ್ಲ ಅನ್ನೋದು ನನ್ನ ತಕರಾರು. ಅದಕ್ಕೆ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಕಥೆಯನ್ನು ಸ್ವಲ್ಪ ನಿಧಾನಕ್ಕೆ ಹೇಳಬೇಕು.

2006ರಲ್ಲಿ ಅಲ್ಲಿನ ಅನಿಲ್ ಪೊಟ್ಟಿ, ಜೋಸೆಫ್ ನೆವಿನ್ಸ್ ಮತ್ತು ಸಂಗಡಿಗರು 'ನೇಚರ್ ಮೆಡಿಸಿನ್' ಪತ್ರಿಕೆಯಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಕ್ಯಾನ್ಸರ್ ಗಡ್ಡೆಯಲ್ಲಿ ಯಾವ ಜೀನ್ ಎಷ್ಟು ಚುರುಕಾಗಿದೆ ಅಂತ ಅಳೆದರೆ, ಆ ರೋಗಿಗೆ ಯಾವ ಕೀಮೋ ಔಷಧಿ ಹಿಡಿಯುತ್ತೆ, ಯಾವುದು ಹಿಡಿಯಲ್ಲ ಅಂತ ಮೊದಲೇ ಹೇಳಬಹುದು ಅನ್ನೋದು ಅದರ ಸಾರ. ಮನೆಯಲ್ಲಿ ಯಾರಿಗಾದರೂ ಕೀಮೋ ಆಗುವುದನ್ನು ನೋಡಿದವರಿಗೆ ಈ ಮಾತಿನ ತೂಕ ಗೊತ್ತು. ಹಿಡಿಯದ ಔಷಧಿ ಅಂದರೆ ಬರೀ ದುಡ್ಡು ದಂಡ ಅಲ್ಲ. ವಾಂತಿ, ಸುಸ್ತು, ಉದುರಿದ ಕೂದಲು, ಕೈಬಿಟ್ಟುಹೋದ ತಿಂಗಳುಗಳು.

ಹ್ಯೂಸ್ಟನ್ನಿನ ಎಂ.ಡಿ. ಆಂಡರ್ಸನ್ ಕ್ಯಾನ್ಸರ್ ಆಸ್ಪತ್ರೆಯ ವೈದ್ಯರಿಗೂ ಇದನ್ನು ಬಳಸುವ ಆಸೆ. ತಮ್ಮಲ್ಲೇ ಇದ್ದ ಕೀತ್ ಬ್ಯಾಗರ್ಲಿ, ಕೆವಿನ್ ಕೂಂಬ್ಸ್ ಎಂಬ ಇಬ್ಬರು ಲೆಕ್ಕದವರಿಗೆ 'ಇದನ್ನು ಒಮ್ಮೆ ನೋಡಿ' ಅಂದರು. ಅವರು ಪ್ರಕಟವಾದ ದತ್ತಾಂಶ ಇಟ್ಟುಕೊಂಡು ಅದೇ ಲೆಕ್ಕವನ್ನು ಮಾಡಿ ನೋಡಿದರು. ಉತ್ತರ ಬರಲಿಲ್ಲ. ಮತ್ತೆ ಮಾಡಿದರು. ಕೊನೆಗೆ ಸಿಕ್ಕಿದ್ದು ಏನು ಗೊತ್ತಾ? ಜೀನ್‌ಗಳ ಪಟ್ಟಿ ಪೂರ್ತಿ ಒಂದು ಸಾಲು ಜಾರಿತ್ತು. ಅಳತೆ ಒಂದು ಜೀನಿನದು, ಹೆಸರು ಪಕ್ಕದ ಜೀನಿನದು. ನಮ್ಮ ಭಾಷೆಯಲ್ಲಿ ಆಫ್ ಬೈ ಒನ್. ಮೊದಲ ವರ್ಷದ ಬಿ.ಇ. ಹುಡುಗರು ಸಿ ಪ್ರೋಗ್ರಾಮಿನಲ್ಲಿ ಮಾಡೋ ತಪ್ಪು.

ಅಷ್ಟಕ್ಕೇ ಮುಗಿಯಲಿಲ್ಲ. ಕೆಲವು ಔಷಧಿಗಳಿಗೆ 'ಹಿಡಿಯುತ್ತೆ', 'ಹಿಡಿಯಲ್ಲ' ಅನ್ನೋ ಚೀಟಿಗಳೇ ಅದಲುಬದಲಾಗಿದ್ದವು. ಅಂದರೆ ಈ ಲೆಕ್ಕ ನಂಬಿದರೆ, ರೋಗಿಗೆ ಯಾವುದು ಹಿಡಿಯಲ್ಲವೋ ಅದನ್ನೇ ಕೊಡುವ ಸಾಧ್ಯತೆ.

ಅವರು ಡ್ಯೂಕ್‌ಗೆ ಬರೆದರು. ಪತ್ರಿಕೆಗೆ ಬರೆದರು. 2007ರಲ್ಲಿ ಒಂದು ಪುಟ್ಟ ಪತ್ರ ಅಚ್ಚಾಯಿತು, ಪಕ್ಕದಲ್ಲೇ ಡ್ಯೂಕಿನವರ ಸಮಜಾಯಿಷಿ. ಅದೇ ವರ್ಷ ರೋಗಿಗಳ ಮೇಲೆ ಪ್ರಯೋಗವೂ ಶುರುವಾಯಿತು. 2009ರಲ್ಲಿ ಇಬ್ಬರೂ ತಮ್ಮ ಪೂರ್ತಿ ಪತ್ತೇದಾರಿಕೆಯನ್ನು ಬರೆದರು. ಅದು ಬಂದದ್ದು ವೈದ್ಯರು ಓದುವ ಪತ್ರಿಕೆಯಲ್ಲಿ ಅಲ್ಲ, ಸಂಖ್ಯಾಶಾಸ್ತ್ರದವರು ಓದುವ ಪತ್ರಿಕೆಯಲ್ಲಿ. ಆಗ ಪ್ರಯೋಗ ನಿಂತಿತು. ಡ್ಯೂಕ್ ಹೊರಗಿನವರಿಂದ ಪರಿಶೀಲನೆ ಮಾಡಿಸಿತು. ಆದರೆ ಬ್ಯಾಗರ್ಲಿ ಹೊಸದಾಗಿ ಕಳಿಸಿದ್ದ ಆಕ್ಷೇಪಗಳು ಆ ಪರಿಶೀಲಕರ ಕೈ ಸೇರಲೇ ಇಲ್ಲ. 2010ರ ಜನವರಿಯಲ್ಲಿ ಪ್ರಯೋಗ ಮತ್ತೆ ಶುರು.

ಕೊನೆಗೆ ಎಲ್ಲವೂ ಕುಸಿದದ್ದು ಯಾವುದರಿಂದ? ಜಾರಿದ ಸಾಲಿನಿಂದ ಅಲ್ಲ. 2010ರ ಜುಲೈನಲ್ಲಿ 'ದ ಕ್ಯಾನ್ಸರ್ ಲೆಟರ್' ಅನ್ನೋ ಸಣ್ಣ ಸುದ್ದಿಪತ್ರಿಕೆ, ಪೊಟ್ಟಿ ತಾವು ರೋಡ್ಸ್ ಸ್ಕಾಲರ್ ಅಂತ ಬರೆದುಕೊಂಡದ್ದು ಸುಳ್ಳು ಅಂತ ಬಯಲು ಮಾಡಿತು. ಮೂರು ವರ್ಷ ಲೆಕ್ಕ ತೋರಿಸಿ ಹೇಳಿದರೂ ಅಲ್ಲಾಡದ ಗೋಡೆ, ರೆಸ್ಯುಮೆಯ ಒಂದು ಸಾಲಿಗೆ ಬಿತ್ತು. ಪ್ರಯೋಗಗಳು ನಿಂತವು, ಪೊಟ್ಟಿ ರಾಜೀನಾಮೆ ಕೊಟ್ಟರು, ಪ್ರಬಂಧಗಳು ಒಂದೊಂದಾಗಿ ವಾಪಸಾದವು. ಅಷ್ಟರಲ್ಲಿ ನೂರಕ್ಕೂ ಹೆಚ್ಚು ಕ್ಯಾನ್ಸರ್ ರೋಗಿಗಳು ಆ ಪ್ರಯೋಗಗಳಿಗೆ ಸೇರಿಯಾಗಿತ್ತು. 2015ರಲ್ಲಿ ಅಮೆರಿಕದ ಸರ್ಕಾರಿ ಸಂಸ್ಥೆ ಪೊಟ್ಟಿ ಸಂಶೋಧನಾ ಅಕ್ರಮ ಎಸಗಿದ್ದಾರೆ ಅಂತ ತೀರ್ಮಾನಿಸಿತು. ಅವರು ಅದನ್ನು ಒಪ್ಪಲೂ ಇಲ್ಲ, ಅಲ್ಲಗಳೆಯಲೂ ಇಲ್ಲ.

ಈ ಕಥೆಯನ್ನು ಸಾಮಾನ್ಯವಾಗಿ ಒಬ್ಬ ಖಳನಾಯಕನ ಕಥೆಯಾಗಿ ಹೇಳ್ತಾರೆ. ಟೀವಿಯಲ್ಲಿ ಬಂದದ್ದೂ ಹಾಗೇ. ನನಗೆ ಈ ಹೇಳುವ ಧಾಟಿಯ ಮೇಲೇ ಸಿಟ್ಟು. ಖಳನಾಯಕ ಒಬ್ಬ ಸಿಕ್ಕರೆ ಎಲ್ಲರಿಗೂ ಆರಾಮ. ಪತ್ರಿಕೆ, ವಿಶ್ವವಿದ್ಯಾಲಯ, ಜೊತೆ ಬರಹಗಾರರು, ಪರಿಶೀಲಕರು, ಎಲ್ಲರೂ ಕೈ ತೊಳೆದುಕೊಂಡು ಎದ್ದುಹೋಗಬಹುದು. ಆದರೆ 2015ರಲ್ಲಿ ಹೊರಬಿದ್ದ ಇನ್ನೊಂದು ಸಂಗತಿ ಹಾಗೆ ಎದ್ದುಹೋಗಲು ಬಿಡಲ್ಲ. 2008ರಲ್ಲೇ, ಅದೇ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದ ಒಬ್ಬ ವೈದ್ಯಕೀಯ ವಿದ್ಯಾರ್ಥಿ, ಈ ಲೆಕ್ಕ ಸರಿ ಇಲ್ಲ ಅಂತ ಬರವಣಿಗೆಯಲ್ಲೇ ಹೇಳಿದ್ದ. ದೊಡ್ಡವರು ಕೂರಿಸಿ ಮಾತಾಡಿ, ವಿಷಯ ಹೊರಗೆ ಹೋಗದಂತೆ ಮನವೊಲಿಸಿದರು. ಅವನು ಪ್ರಬಂಧಗಳಿಂದ ತನ್ನ ಹೆಸರು ತೆಗೆಸಿಕೊಂಡು ಲ್ಯಾಬ್ ಬಿಟ್ಟ. ಒಂದು ವರ್ಷದ ಕೆಲಸವನ್ನು ಬೇರೆ ಕಡೆ ಮತ್ತೆ ಮೊದಲಿಂದ ಮಾಡಿದ.

ಇಲ್ಲಿ ನಮ್ಮೂರಿನ ಹಾಲಿನ ಡೈರಿಯ ಮಾತು ಹೇಳಲೇಬೇಕು. ನಾನು ಆರನೇ ಕ್ಲಾಸಲ್ಲಿದ್ದಾಗ ಅಲ್ಲೂ ಒಂದು ಸಾಲು ಜಾರಿತ್ತು. ರಿಜಿಸ್ಟರಿನಲ್ಲಿ ಸದಸ್ಯರ ನಂಬರ್ ಸಾಲಾಗಿ ಬರೆದಿರುತ್ತಿತ್ತು. ಅವತ್ತು ಯಾರೋ ಒಬ್ಬರು ಹಾಲು ತಂದಿರಲಿಲ್ಲ. ಸೆಕ್ರೆಟರಿ ಆ ಸಾಲು ಖಾಲಿ ಬಿಡುವುದು ಮರೆತು ಬರೆಯುತ್ತಾ ಹೋದ. ಅಲ್ಲಿಂದ ಕೆಳಗೆ ಎಲ್ಲರ ಲೀಟರು, ಎಲ್ಲರ ಫ್ಯಾಟು ಮೇಲಿನವರ ಹೆಸರಿಗೆ. ಅದನ್ನೇ ನೋಡಿಕೊಂಡು ಪಾಸ್‌ಬುಕ್ಕಿಗೂ ಬರೆದ. ಪಕ್ಕದ ಮನೆ ಅಜ್ಜಿ ಓದು ಬರದವಳು. ಸಂಜೆ ಪಾಸ್‌ಬುಕ್ ತಂದು ನನ್ನ ಕೈಲಿ ಓದಿಸಿದಳು. ಫ್ಯಾಟು ಕೇಳಿದವಳೇ ಸೀದಾ ಡೈರಿಗೆ ನಡೆದಳು. 'ಏನ್ಲಾ ಮಗ, ನಮ್ ಹಸ ಯಾವಾಗ್ಲಾ ಎಮ್ಮೆ ಆಯ್ತು?'

ಗಮನಿಸಿ, ಅಜ್ಜಿಗೆ ನಷ್ಟವೇನೂ ಆಗಿರಲಿಲ್ಲ. ಲಾಭವೇ ಆಗಿತ್ತು. ಕೆಳಗಿನ ಸಾಲಿನವರ ಎಮ್ಮೆ ಹಾಲಿನ ಫ್ಯಾಟು ಇವಳ ಹೆಸರಿಗೆ ಬಂದಿತ್ತು. ಸುಮ್ಮನಿದ್ದಿದ್ದರೆ ಬಟವಾಡೆಯಲ್ಲಿ ನಾಲ್ಕು ಕಾಸು ಹೆಚ್ಚೇ ಸಿಗುತ್ತಿತ್ತು. ಸೆಕ್ರೆಟರಿ ರಿಜಿಸ್ಟರ್ ತೆಗೆದ, ಬೈಸಿಕೊಂಡ, ಎಲ್ಲರೆದುರು ತಿದ್ದಿದ. ಮಾರನೇ ದಿನವೂ ಅವನೇ ಸೆಕ್ರೆಟರಿ. ಅಜ್ಜಿಯನ್ನು ಯಾರೂ ಊರಿನ ಮಾನ ಕಳೆದಳು ಅನ್ನಲಿಲ್ಲ.

ಡೈರಿಯ ಜನ ವಿಜ್ಞಾನಿಗಳಿಗಿಂತ ಪ್ರಾಮಾಣಿಕರು ಅಂತ ನಾನು ಹೇಳ್ತಿಲ್ಲ. ಹಾಲಿಗೆ ನೀರು ಬೆರೆಸುವವರು ನಮ್ಮೂರಲ್ಲೂ ಇದ್ದರು. ವ್ಯತ್ಯಾಸ ಇದ್ದದ್ದು ವ್ಯವಸ್ಥೆಯಲ್ಲಿ. ಪ್ರತಿಯೊಬ್ಬರ ಕೈಯಲ್ಲೂ ಪಾಸ್‌ಬುಕ್ ಇತ್ತು. ತಾಳೆ ನೋಡುವುದು ಯಾರನ್ನೂ ಅವಮಾನ ಮಾಡಿದಂತೆ ಆಗುತ್ತಿರಲಿಲ್ಲ. ಲ್ಯಾಬಿನಲ್ಲಿ ಎರಡೂ ಇರಲಿಲ್ಲ. ಅದಕ್ಕಿಂತ ಮುಖ್ಯವಾಗಿ, ಅಲ್ಲಿನ ತಪ್ಪು ಎಲ್ಲರಿಗೂ ಲಾಭದ ತಪ್ಪು. ಲ್ಯಾಬಿಗೆ ಹೆಸರು, ವಿಶ್ವವಿದ್ಯಾಲಯಕ್ಕೆ ದುಡ್ಡು, ಪತ್ರಿಕೆಗೆ ದೊಡ್ಡ ಸುದ್ದಿ, ರೋಗಿಗೆ ಆಸೆ. ಲೆಕ್ಕ ನಮ್ಮ ಪರವಾಗಿ ಬಂದಾಗ 'ನಮ್ಮ ಹಸ ಯಾವಾಗ ಎಮ್ಮೆ ಆಯ್ತು' ಅಂತ ಕೇಳೋರು ಯಾರು?

'ಪೀರ್ ರಿವ್ಯೂ ಇದೆಯಲ್ಲ' ಅಂತ ನೀವು ಕೇಳಬಹುದು. ನಮ್ಮ ಕೋಡ್ ರಿವ್ಯೂ ಥರ ಅಂದುಕೊಂಡರೆ ನಿರಾಸೆ ಆಗುತ್ತೆ. ಸಾಮಾನ್ಯವಾಗಿ ಅಲ್ಲಿ ಪರಿಶೀಲಕರು ಪ್ರಬಂಧ ಓದ್ತಾರೆ. ಕೋಡ್ ಓಡಿಸಿ ನೋಡೋದು, ದತ್ತಾಂಶ ತೆಗೆದು ಲೆಕ್ಕ ಹಾಕೋದು ಅಪರೂಪ. ಪುಕ್ಕಟೆ ಕೆಲಸ ಬೇರೆ. ಕೋಡ್ ನೋಡದೆ ಡಿಸೈನ್ ಡಾಕ್ಯುಮೆಂಟ್ ಮಾತ್ರ ಓದಿ ಪ್ರೊಡಕ್ಷನ್ನಿಗೆ ಬಿಟ್ಟಂತೆ. ಇನ್ನು ಇನ್ನೊಬ್ಬರ ಪ್ರಬಂಧವನ್ನು ತಿಂಗಳುಗಟ್ಟಲೆ ಕೂತು ತಾಳೆ ನೋಡಿದವರಿಗೆ ಬಡ್ತಿ ಸಿಗುತ್ತಾ, ಅನುದಾನ ಸಿಗುತ್ತಾ? ಹೊಸದು ಕಂಡುಹಿಡಿದೆ ಅಂದವರಿಗೆ ಸಿಗೋದರ ಕಾಲು ಭಾಗವೂ ಇಲ್ಲ.

ಹಾಗಂತ ನಮ್ಮ ಕಸುಬಿನವರು ಬೀಗುವ ಹಾಗೂ ಇಲ್ಲ. ಶುಕ್ರವಾರ ಸಂಜೆ ಎರಡು ಸಾವಿರ ಸಾಲಿನ ಬದಲಾವಣೆಗೆ ಕಣ್ಣು ಮುಚ್ಚಿ ಅಪ್ರೂವ್ ಒತ್ತಿದ್ದು ನನಗೆ ನೆನಪಿದೆ, ನಿಮಗೂ ಇರುತ್ತೆ. 2020ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನ ನೀಲ್ ಫರ್ಗುಸನ್ ತಂಡದ ಕೋವಿಡ್ ಮಾದರಿಯ ಕೋಡ್ ಹೊರಬಂದಾಗ ನಾವು ಮಾಡಿದ್ದೇನು? ಹದಿಮೂರು ವರ್ಷ ಹಳೇದು, ಸಾವಿರಾರು ಸಾಲು, ವಿವರಣೆಯಿಲ್ಲದ ಸಿ ಅಂತ ಫರ್ಗುಸನ್ ತಾವೇ ಒಪ್ಪಿಕೊಂಡಿದ್ದರು. ಬೇರೆಯವರ ನೆರವು ಪಡೆದು ಅದನ್ನು ಒಪ್ಪಮಾಡಿ ಎಲ್ಲರ ಮುಂದೆ ಇಟ್ಟರು. ಪ್ರಪಂಚದ ಪ್ರೋಗ್ರಾಮರುಗಳೆಲ್ಲ ಬಂದು ನಕ್ಕರು. ಇಂಥ ಕೋಡ್ ನಂಬಿ ದೇಶ ಮುಚ್ಚಿದಿರಾ ಅಂತ ಹಂಗಿಸಿದರು. ಆಮೇಲೆ ಕೇಂಬ್ರಿಜ್ಜಿನ ಸ್ಟೀಫನ್ ಎಗ್ಲೆನ್ ಆ ಕೋಡನ್ನು ತಾವೇ ಓಡಿಸಿ ನೋಡಿದರು. ಮಾರ್ಚ್ ತಿಂಗಳ ವರದಿಯ ಅಂಕಿಗಳೇ ಹೆಚ್ಚುಕಮ್ಮಿ ಬಂದವು. ಮಾದರಿಯ ಊಹೆಗಳು ಸರಿಯೋ ತಪ್ಪೋ ಅನ್ನೋದು ಬೇರೆ ಚರ್ಚೆ. ಆದರೆ ಕೋಡ್ ಕೊಳಕು ಅನ್ನೋದಕ್ಕೂ ಲೆಕ್ಕ ತಪ್ಪು ಅನ್ನೋದಕ್ಕೂ ವ್ಯತ್ಯಾಸ ಇದೆ. ಆ ವ್ಯತ್ಯಾಸ ಗೊತ್ತಿರಬೇಕಾದ ನಾವೇ ಅದನ್ನು ಮರೆತೆವು. ರಿಜಿಸ್ಟರ್ ತೋರಿಸಿದವನ ಅಕ್ಷರ ನೋಡಿ ನಕ್ಕರೆ, ನಾಳೆ ಯಾರು ರಿಜಿಸ್ಟರ್ ತೋರಿಸ್ತಾರೆ?

ಇದು ಎಲ್ಲೋ ದೂರದ ಮಾತು ಅನ್ನಿಸಿದರೆ ನಮ್ಮ ಮಲ್ಲೇಶ್ವರದ ಹತ್ತಿರವೇ ಬನ್ನಿ. ಭಾರತದ ಹತ್ತು ಸಾವಿರ ಜನರ ಜೀನೋಮ್ ಓದಿದ 'ಜೀನೋಮ್ ಇಂಡಿಯಾ' ಯೋಜನೆಯಲ್ಲಿ 20 ಸಂಸ್ಥೆಗಳು ಕೈಜೋಡಿಸಿದವು. ಅದರ ಮುಂದಾಳತ್ವ ನಮ್ಮ ಐಐಎಸ್‌ಸಿ ಆವರಣದ ಮೆದುಳು ಸಂಶೋಧನಾ ಕೇಂದ್ರದ್ದು. 2025ರ ಜನವರಿಯಲ್ಲಿ ಆ ದತ್ತಾಂಶವನ್ನು ಸಂಶೋಧಕರಿಗೆ ತೆರೆಯಲಾಯಿತು. ಅದು ಇರುವುದು ಫರೀದಾಬಾದಿನ ದತ್ತಾಂಶ ಕೇಂದ್ರದಲ್ಲಿ. ಯುರೋಪಿನವರ ಜೀನ್ ನೋಡಿ ಮಾಡಿದ ಲೆಕ್ಕಗಳು ನಮಗೆ ಅನೇಕ ಕಡೆ ಹೊಂದಲ್ಲ, ಹಾಗಾಗಿ ಇದು ಬೇಕಾಗಿದ್ದ ಕೆಲಸ.

ಇಲ್ಲಿ ನನ್ನ ಪಾಸ್‌ಬುಕ್ಕಿನ ವಾದಕ್ಕೂ ಒಂದು ಮಿತಿ ಇದೆ. ಜೀನೋಮನ್ನು ಡೈರಿ ರಿಜಿಸ್ಟರಿನಂತೆ ಜಗಲಿ ಮೇಲೆ ಇಡೋಕಾಗಲ್ಲ. ಹೆಸರು ಅಳಿಸಿದರೂ ಅದು ಮನುಷ್ಯನ ಗುರುತು ಹೇಳಬಲ್ಲದು, ಅವನ ಅಣ್ಣತಮ್ಮಂದಿರದ್ದನ್ನೂ ಹೇಳಬಲ್ಲದು. ಅರ್ಜಿ ಹಾಕಿ, ಕಾರಣ ಹೇಳಿ ಪಡೆಯಬೇಕು ಅನ್ನೋ ಕಟ್ಟುಪಾಡು ಸರಿಯೇ. ಆದರೆ ಆ ದತ್ತಾಂಶದ ಮೇಲೆ ಓಡಿಸಿದ ಕೋಡಿಗೆ ಯಾವ ಗುಟ್ಟೂ ಬೇಕಾಗಿಲ್ಲ. ಅದರಿಂದ ಬರುವ ಪ್ರತಿ ಪ್ರಬಂಧದ ಜೊತೆಗೂ ಕೋಡ್ ಬರಲಿ. ರೋಗಿಯ ಮೈ ಮುಟ್ಟುವ ಮೊದಲು, ಆ ತಂಡಕ್ಕೆ ಸಂಬಂಧವಿಲ್ಲದ ಇನ್ನೊಬ್ಬರು ಅದೇ ಲೆಕ್ಕ ಮಾಡಿ ಅದೇ ಉತ್ತರ ತರಲಿ. ಆ ಇನ್ನೊಬ್ಬರಿಗೆ ಸಂಬಳವೂ ಸಿಗಲಿ, ಮರ್ಯಾದೆಯೂ ಸಿಗಲಿ. ವಾರಾಂತ್ಯದಲ್ಲಿ ಏನಾದರೂ ಉಪಯೋಗದ ಕೋಡ್ ಬರೀಬೇಕು ಅಂತ ಒದ್ದಾಡೋ ನಮ್ಮಂಥವರಿಗೂ ಅಲ್ಲಿ ಕೆಲಸ ಇದೆ. ನಗೋದನ್ನು ಬಿಟ್ಟು ಹೋದರೆ.

ಅಜ್ಜಿ ಈಗಿಲ್ಲ. ಡೈರಿಗೆ ಕಂಪ್ಯೂಟರ್ ಬಂದಿದೆ, ಹಾಲು ಸುರಿದ ತಕ್ಷಣ ಚೀಟಿ ಬರುತ್ತೆ. ಕಳೆದ ಸಲ ಊರಿಗೆ ಹೋದಾಗ ಅಪ್ಪ ಆ ಚೀಟಿಯನ್ನು ಬೆಳಕಿಗೆ ಹಿಡಿದು ಓದುತ್ತಿದ್ದರು. 'ಮೆಷಿನ್ ಕೊಟ್ಟಿರೋದಲ್ವಾ ಅಪ್ಪಾ, ಸರಿಯಾಗೇ ಇರುತ್ತೆ' ಅಂದೆ. ಅಪ್ಪ ಕನ್ನಡಕದ ಮೇಲಿಂದ ನನ್ನ ಕಡೆ ನೋಡಿದರು. 'ಆ ಮೆಷಿನ್ನಿಗೆ ಬರೆದುಕೊಟ್ಟಿರೋರು ನಿಮ್ಮಂಥೋರೇ ತಾನೆ?' ಅಂದು ಮತ್ತೆ ಚೀಟಿ ಓದೋಕೆ ಶುರು ಮಾಡಿದರು.