‘ಸ’ ಒತ್ತಿಗೆ ಎರಡೂವರೆ ಪಿಕ್ಸೆಲ್

ಫೋಟೋಶಾಪಿನ ಆಂಟಿ-ಏಲಿಯಾಸಿಂಗ್ ಪಟ್ಟಿಯಲ್ಲಿ ಕನ್ನಡಕ್ಕೆ ಒಗ್ಗುವುದು ಯಾವುದು ಅಂತ ಈ ವಾರ ಬರೆಯುವುದಾಗಿ ಹೇಳಿದ್ದೆ. ಬರೆಯಲು ಕೂತರೆ ಒಂದೇ ಸಾಲಿಗೆ ಮುಗಿಯಿತು: 20 ಪಿಕ್ಸೆಲ್‌ಗಿಂತ ಚಿಕ್ಕ ಅಕ್ಷರಕ್ಕೆ ಶಾರ್ಪ್, ದೊಡ್ಡದಕ್ಕೆ ಯಾವುದಾದರೂ ಸರಿ, ಸ್ಟ್ರಾಂಗ್ ಮಾತ್ರ ಬೇಡ, ಒತ್ತಕ್ಷರದ ಹೊಟ್ಟೆ ಮುಚ್ಚಿಹೋಗುತ್ತದೆ. ಅಷ್ಟರಲ್ಲಿ ನೆಂಟರೊಬ್ಬರು ವಾಟ್ಸಾಪಿನಲ್ಲಿ ರಾಜ್ಯೋತ್ಸವದ ಶುಭಾಶಯ ಕಳಿಸಿದರು. ಅಂಕಣ ಅತ್ತ ಹೊರಳಿತು.

ಹಳದಿ ನೆಲ, ಕೆಂಪು ಅಕ್ಷರ. ಎಂಟು ಪಟ್ಟು ಹಿಗ್ಗಿಸಿ ನೋಡಿದೆ. ‘ತ್ಸ’ದ ಮೇಲೆ ‘ತ’ ಹೇಗೋ ಉಳಿದುಕೊಂಡಿದೆ. ಕೆಳಗೆ ‘ಸ’ ಒತ್ತು ಇರಬೇಕಾದ ಕಡೆ ಕುಂಕುಮ ಕಲಸಿದ ನೀರು. ಅದನ್ನು ಮಾಡಿದ ಪುಣ್ಯಾತ್ಮ ಅಕ್ಷರ ಮಂಕಾಯಿತೆಂದು ಅನ್‌ಶಾರ್ಪ್ ಮಾಸ್ಕ್ ಬೇರೆ ಹೊಡೆದಿದ್ದಾನೆ. ಪ್ರತಿ ಗೆರೆಯ ಸುತ್ತ ಬಿಳಿಚಿದ ಅಂಚು.

ಈ ಶಾರ್ಪನ್ ಪಂಗಡದವರೊಂದಿಗೆ ನನ್ನ ಜಗಳ ಹಳೆಯದು. ಆ ಉಪಾಯ ಹುಟ್ಟಿದ್ದು ಡಾರ್ಕ್‌ರೂಮಿನಲ್ಲಿ. ನೆಗೆಟಿವ್‌ಗೆ ಅದರದೇ ಮಸುಕು ಪ್ರತಿಯನ್ನು ಜೋಡಿಸಿ ಅಂಚು ಎದ್ದುಕಾಣಿಸುವ ಕಸುಬು ಅದು. ಮುಖಕ್ಕೆ, ಮರಕ್ಕೆ ಒಪ್ಪುತ್ತದೆ. ಅಕ್ಷರಕ್ಕೆ ಅದರ ಹಂಗೇ ಇಲ್ಲ. ಕೊನೆಗೆ ಬೇಕಾದ ಅಳತೆಯಲ್ಲೇ ಕ್ಯಾನ್‌ವಾಸ್ ತೆರೆದು, ಅಲ್ಲೇ ಟೈಪ್ ಮಾಡಿ, ಮೂಲೆ ಹಿಡಿದು ಎಳೆಯದೆ ಬಿಟ್ಟರೆ ಮುಕ್ಕಾಲು ಪಾಲು ಕೆಲಸ ಆಯಿತು. ಎಳೆದವರ ಫೈಲು ತೆರೆದು ನೋಡಿ, ಅಕ್ಷರದ ಅಳತೆ 17.43 ಅಂತ ಇರುತ್ತದೆ. ಅದನ್ನು 17ಕ್ಕೋ 18ಕ್ಕೋ ತಂದರೆ ತಲೆಕಟ್ಟು ಪಿಕ್ಸೆಲ್ ಗೆರೆಯ ಮೇಲೆ ಕೂರುವುದುಂಟು. ಅರ್ಧ ಪಿಕ್ಸೆಲ್ ಹಿಂದೆಮುಂದೆ ಮಾಡಿದರೂ ಕೂರದಿದ್ದರೆ ಫಾಂಟ್ ಬದಲಿಸಿ.

ಫಾಂಟ್ ಎಂದಾಗ ನನಗೆ ವರ್ಡಾನಾ ನೆನಪಾಗಲೇಬೇಕು, ಓದುಗರು ಕ್ಷಮಿಸಬೇಕು. 1996ರಲ್ಲಿ ಮೈಕ್ರೋಸಾಫ್ಟ್ ಹೊರತಂದ ಈ ಅಕ್ಷರಗಳನ್ನು ಮ್ಯಾಥ್ಯೂ ಕಾರ್ಟರ್ ಮೊದಲು ಪರದೆಯ ಚುಕ್ಕಿಗಳಲ್ಲೇ ಕಟ್ಟಿ, ಆಮೇಲೆ ಅದಕ್ಕೆ ತಕ್ಕಂತೆ ಹೊರರೇಖೆ ಎಳೆದರು. ನಮ್ಮ ಫಾಂಟುಗಳಲ್ಲಿ ಹೆಚ್ಚಿನವು ಕಾಗದವನ್ನು ನೋಡಿಕೊಂಡೇ ಬೆಳೆದವು ಎಂಬುದು ನನ್ನ ಗುಮಾನಿ.

ಆದರೆ ನೆಂಟರ ಚಿತ್ರದಲ್ಲಿ ಫಾಂಟಿನ ತಪ್ಪೇನಿಲ್ಲ. ಅಲ್ಲಿ ಕೈಕೊಟ್ಟದ್ದು ಜೆಪೆಗ್. ಅದು ಹೊಳಪನ್ನೂ ಬಣ್ಣವನ್ನೂ ಬೇರೆ ಬೇರೆ ಡಬ್ಬಿಯಲ್ಲಿಡುತ್ತದೆ. ಹೊಳಪು ಪ್ರತಿ ಪಿಕ್ಸೆಲ್‌ಗೂ ಸಿಗುತ್ತದೆ. ಬಣ್ಣದಲ್ಲಿ ಜಿಪುಣತನ, ಅಕ್ಕಪಕ್ಕ ಮೇಲೆಕೆಳಗಿನ ನಾಲ್ಕು ಪಿಕ್ಸೆಲ್‌ಗೆ ಸೇರಿ ಒಂದೇ. ಐದು ಪಿಕ್ಸೆಲ್ ಎತ್ತರದ ಒತ್ತಿಗೆ ಬಣ್ಣದ ಲೆಕ್ಕದಲ್ಲಿ ದಕ್ಕುವುದು ಎರಡೂವರೆ. ಬಿಳಿಯ ಮೇಲಿನ ಕಪ್ಪಿಗೆ ಇದರಿಂದ ಏನೂ ಆಗದು, ಅಲ್ಲಿ ಬಣ್ಣವೇ ಇಲ್ಲ. ಹಳದಿಯ ಮೇಲಿನ ಕೆಂಪು ಮಾತ್ರ ಅಂಚಿನಲ್ಲಿ ಸೋರಿ ಕಿತ್ತಳೆಯಾಗುತ್ತದೆ. ಇಡೀ ಕನ್ನಡ ನಾಡು ನವೆಂಬರ್ ಪೂರ್ತಿ ಹಚ್ಚಿಕೊಳ್ಳುವ ಬಣ್ಣಗಳೇ ಜೆಪೆಗ್‌ಗೆ ಆಗಿಬರುವುದಿಲ್ಲ!

ಫೋಟೋಶಾಪಿನ ಸೇವ್ ಫಾರ್ ವೆಬ್‌ನಲ್ಲಿ ಗುಣಮಟ್ಟ 50ಕ್ಕಿಟ್ಟರೆ ಬಣ್ಣಕ್ಕೆ ಈ ಕತ್ತರಿ ಬೀಳುತ್ತದೆ, 51ಕ್ಕೆ ಏರಿಸಿದರೆ ಬೀಳುವುದಿಲ್ಲ. ಒಂದೇ ಅಂಕಿ! ಇದು ಗೊತ್ತಿಲ್ಲದೆ ನಾನೇ ವರ್ಷಗಟ್ಟಲೆ ಫಾಂಟುಗಳನ್ನು ಬೈದುಕೊಂಡಿದ್ದೇನೆ.

ಇನ್ನೊಂದು ದೂರು ಇದ್ದದ್ದೇ: ಯೂನಿಕೋಡ್ ಕನ್ನಡ ಹಾಕಿದರೆ ‘ರಾಜ್‌ಯೋತ್‌ಸವ’ ಎಂದು ಬಿಡಿಬಿಡಿಯಾಗಿ ಉದುರುತ್ತದೆ, ಅದಕ್ಕೇ ಹಳೇ ಆಸ್ಕಿ ನುಡಿ ಫಾಂಟು ಬಿಟ್ಟಿಲ್ಲ ಎನ್ನುತ್ತಾರೆ. ಪ್ರಿಫರೆನ್ಸಸ್‌ನ ಟೈಪ್ ವಿಭಾಗದಲ್ಲಿ ದಕ್ಷಿಣ ಏಷ್ಯಾದ ಭಾಷೆಗಳ ಆಯ್ಕೆ ಇದೆಯೇ ನೋಡಿ, ಪ್ಯಾರಾಗ್ರಾಫ್ ಮೆನುವಿನಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಹಾಕಿ. ಒತ್ತು ತಾನಾಗಿ ಕೆಳಗೆ ಹೋಗಿ ಕೂರುತ್ತದೆ.

ನೆಂಟರಿಗೂ ನಿಮಗೂ ಒಂದೇ ಬಿನ್ನಹ. ಶುಭಾಶಯವನ್ನು ಪಿಎನ್‌ಜಿಯಲ್ಲಿ ಉಳಿಸಿ, ವಾಟ್ಸಾಪಿನಲ್ಲಿ ಫೋಟೋ ಎಂದು ಕಳಿಸದೆ ಡಾಕ್ಯುಮೆಂಟ್ ಎಂದು ಕಳಿಸಿ.